ಸಿಟ್ಟಿಗೆ ಕೊಂಡ ಮೂರು ಕಾರು

ಹೌಸಿಗೆ, ಅಂದರೆ ಬರೀ ಶೋಕಿಗೆ ಎಂದು ಇಟ್ಟುಕೊಳ್ಳುವ ಹಳೆಯ ಕಾರು ಮನುಷ್ಯನಿಗೆ ಎಷ್ಟಿದ್ದರೆ ಸಾಕು ಎಂದು ಯಾರಾದರೂ ಕೇಳಿದರೆ ನಾನು ಮಾತು ತಿರುಗಿಸುತ್ತೇನೆ. ನನ್ನ ಬಳಿ ನಾಲ್ಕಿದ್ದವು. ಒಂದನ್ನು ಪ್ರೀತಿಗೆ ಕೊಂಡಿದ್ದೆ, ಉಳಿದ ಮೂರನ್ನು ಸಿಟ್ಟಿಗೆ ಕೊಂಡೆ. ಸಿಟ್ಟು ಬಂದಾಗ ತಾಟು ಎಸೆಯುವವರನ್ನು, ಊಟ ಬಿಡುವವರನ್ನು, ತಿಂಗಳುಗಟ್ಟಲೆ ಮಾತು ಬಿಡುವವರನ್ನು ನೋಡಿದ್ದೇನೆ. ಕಾರು ಕೊಂಡವನು ನಮ್ಮ ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಸಿಂದಗಿಯಲ್ಲಿ ನನ್ನದು ಗಾಡಿಗಳ ಬಿಡಿಭಾಗದ ಅಂಗಡಿ. ಮೋರಟಗಿಯ ಕಡೆ ಸ್ವಲ್ಪ ಹೊಲವಿದೆ, ಅದನ್ನು ತಮ್ಮ ನೋಡಿಕೊಳ್ಳುತ್ತಾನೆ. ಮಕ್ಕಳಿಲ್ಲ. ಮನೆಯಲ್ಲಿ ನಾನು, ನನ್ನ ಹೆಂಡತಿ. ಅಂಗಡಿಯ ಹಿಂದೆ ತಿಪ್ಪೆಯ ಪಕ್ಕ ಬಿದ್ದಿದ್ದ ಒಂದು ಅಂಬಾಸಿಡರನ್ನು ಎರಡು ವರ್ಷ ಬಿಚ್ಚಿ, ತೊಳೆದು, ಕೂಡಿಸಿ, ಹಾಲಿನ ಬಣ್ಣ ಬಳಿದು ನಿಲ್ಲಿಸಿದೆ. ಅದು ಪ್ರೀತಿಯ ಕಾರು. ಅದು ಮೊದಲ ಸಲ ರಸ್ತೆಗೆ ಇಳಿದ ದಿನ ಹೆಂಡತಿ ಮುಂದಿನ ಸೀಟಿನಲ್ಲಿ ಕುಳಿತು, ಊರಿನ ಅರ್ಧ ಜನಕ್ಕೆ ಕೈ ಬೀಸಿದ್ದಳು.

ಆಮೇಲೆ ಮದುವೆಗಳಿಗೆ ಕರೆ ಬರತೊಡಗಿತು. ಮದುಮಗನನ್ನು ಹನುಮಪ್ಪನ ಗುಡಿಯಿಂದ ಮದುವೆ ಮಂಟಪದವರೆಗೆ ಮೆರವಣಿಗೆಯಲ್ಲಿ ತರಲು ಹಳೆಯ ಕಾರೇ ಬೇಕು ಎನ್ನುವುದು ಈಗಿನ ಹುಡುಗರ ಹಟ. ನಾನು ಯಾರಿಂದಲೂ ಬಾಡಿಗೆ ಮುಟ್ಟಿದವನಲ್ಲ. ನಾನೇ ಹೊಡೆದುಕೊಂಡು ಹೋಗುತ್ತಿದ್ದೆ. ಅವರು ಬೀಗರ ಪಂಕ್ತಿಯಲ್ಲಿ ನನ್ನನ್ನು ಕೂಡಿಸಿ, ಹೋಳಿಗೆಗೆ ತುಪ್ಪ ಸುರಿದು, ಹೊರಡುವಾಗ ಮರ್ಯಾದೆಯಿಂದ ಕಳಿಸಿಕೊಡುತ್ತಿದ್ದರು. ಅಷ್ಟೇ ಸಾಕಿತ್ತು ನನಗೆ. ಮರ್ಯಾದೆಯ ವಿಷಯದಲ್ಲಿ ನಾನು ಸ್ವಲ್ಪ ಸೂಕ್ಷ್ಮ. ಸ್ವಲ್ಪವಲ್ಲ, ಬಹಳ ಎಂದು ಹೆಂಡತಿ ಹೇಳುತ್ತಾಳೆ.

ಹೆಂಡತಿಯ ತವರು ಬಸವನ ಬಾಗೇವಾಡಿ ತಾಲ್ಲೂಕಿನ ಮಸೂತಿ. ತಂದೆ ತಾಯಿ ಹೋಗಿ ಬಹಳ ವರ್ಷವಾಯಿತು. ತವರು ಅಂದರೆ ಅವಳಿಗೆ ಒಬ್ಬನೇ ಅಣ್ಣ. ಆ ಅಣ್ಣನ ಮಗಳ ಮದುವೆ ಮುದ್ದೇಬಿಹಾಳದಲ್ಲಿ ಆಯಿತು. ನಾನು ಮನೆಯ ಅಳಿಯ. ಅಂಬಾಸಿಡರನ್ನು ಹಿಂದಿನ ದಿನವೇ ಒಯ್ದು, ಚೆಂಡು ಹೂವಿನ ಸರ ನಾನೇ ಕಟ್ಟಿ, ಬಿಸಿಲಿನಲ್ಲಿ ಎರಡು ತಾಸು ಬ್ಯಾಂಡಿನ ಹಿಂದೆ ಮೊದಲನೇ ಗೇರಿನಲ್ಲಿ ಹೊಡೆದೆ.

ನಮ್ಮ ಕಡೆ ಅಕ್ಷತೆ ಬಿದ್ದ ಮೇಲೆ ಆಹೇರಿ. ಹೆಸರು ಕರೆದು, ಅವರವರ ಯೋಗ್ಯತೆಗೆ ತಕ್ಕಂತೆ ಬಟ್ಟೆ ಕೊಡುವುದು. ಅಳಿಯನಿಗೆ ಜರಿಯಂಚಿನ ಧೋತರ, ಹತ್ತಿರದವರಿಗೆ ಅಂಗಿ ಅರಿವೆ, ದೂರದವರಿಗೆ ಟಾವೆಲು ಟೋಪಿ. ಕೊನೆಗೆ ಬಾಡಿಗೆ ಕ್ರೂಸರಿನ ಡ್ರೈವರುಗಳಿಗೂ ಅದೇ ಟಾವೆಲು ಟೋಪಿ, ಜೊತೆಗೊಂದು ಕಾಯಿ. ನಾನು ಅಂಗಿಯ ತೋಳು ಇಳಿಸಿಕೊಂಡು ಸಿದ್ಧನಾಗಿ ಕುಳಿತಿದ್ದೆ. ಎಲ್ಲರ ಹೆಸರೂ ಮುಗಿಯಿತು, ನನ್ನದು ಬರಲಿಲ್ಲ. ಮೈಕಿನವನು ಕೂಗಿದ: "ಗಾಡಿ ಡ್ರೈವರ್ ಮಂದಿ ಎಲ್ಲಾರೂ ಮುಂದ ಬರ್ರಿ."

ಆಗ ವೇದಿಕೆಯ ಮೇಲಿಂದ ಹೆಂಡತಿಯ ಅಣ್ಣ ನನ್ನತ್ತ ಕೈ ಮಾಡಿದ. "ಅಳಿಯಂದ್ರ, ನೀವೂ ಬರ್ರಿ. ಕಾರ್ ಹೊಡದೀರಿ, ನಿಮ್ದೂ ಆಗಿ ಹೋಗ್ಲಿ."

ಒಂಬತ್ತು ಜನ ಡ್ರೈವರುಗಳ ಸಾಲಿನಲ್ಲಿ ನಾನು ಹತ್ತನೆಯವನಾಗಿ ನಿಂತೆ. ತಲೆಯ ಮೇಲೆ ಟೋಪಿ ಇಟ್ಟರು, ಹೆಗಲಿಗೆ ಟಾವೆಲು ಹಾಕಿದರು. ಕೆಳಗೆ ಇಳಿಯುತ್ತಿದ್ದಂತೆ ಬೀಗರ ಕಡೆಯ ಒಬ್ಬ ಹಲ್ಲು ಚುಚ್ಚಿಕೊಳ್ಳುತ್ತ, "ಡ್ರೈವರ, ಆ ಬಿಳಿ ಗಾಡಿ ಚೂರ್ ಹಿಂದಕ್ಕ ತಗಿ" ಅಂದ. ತೆಗೆದೆ. ಮೈಯೆಲ್ಲ ಉರಿದು ಹೋಯಿತು.

ಆಮೇಲೆ ಹೆಂಡತಿಯ ಅಣ್ಣ ಅವಳ ಹತ್ತಿರ ಹೇಳಿದನಂತೆ: ಯಾರೋ ದೊಡ್ಡ ಮನುಷ್ಯರು ಹೇಳದೆ ಬಂದರು, ಧೋತರ ಒಂದು ಕಡಿಮೆ ಬಿತ್ತು, ಮನೆಯ ಮನುಷ್ಯ ಏನು ತಿಳಿದುಕೊಳ್ಳುತ್ತಾನೆ ಎಂದು ಹಾಗೆ ಮಾಡಿದೆ ಎಂದು. ಮನೆಯ ಮನುಷ್ಯ! ಮಂದಿಯ ಎದುರಿಗೆ ಮಾನ ತೆಗೆದು, ಹಿಂದಿನಿಂದ ಮನೆಯವನು ಎನ್ನುವ ಈ ಉಪಾಯ ನಮ್ಮವರಿಗೆ ಮಾತ್ರ ಗೊತ್ತು. ಈಗಲೂ ಹೇಳುತ್ತೇನೆ, ಅಂದು ಆದದ್ದು ಅವಮಾನವೇ. ಆ ಟಾವೆಲನ್ನು ಮರುದಿನವೇ ಆಯಿಲ್ ಒರೆಸಲು ಹಾಕಿಕೊಂಡೆ.

ಸೇಡು ತೀರಿಸಿಕೊಳ್ಳಲು ಎಲ್ಲರಿಗೂ ಅವಕಾಶ ಸಿಗುವುದಿಲ್ಲ. ನನಗೆ ಸಿಕ್ಕಿತು. ಅವನಿಗೊಬ್ಬ ಮಗನೂ ಇದ್ದ. ತಂಗಿಯ ಮದುವೆಯಲ್ಲಿ ಅಂಬಾಸಿಡರಿನ ಮುಂದೆ ಕುಣಿದು ಬೆವರಿಳಿಸಿಕೊಂಡವನು, "ಮಾಮಾ, ನನ್ನ ಲಗ್ನಕ್ಕೂ ಹಿಂತಾದ ಹಳೇ ಕಾರ್ ಬೇಕ ನೋಡು" ಅಂದಿದ್ದ. ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಅಂದರೆ ಇನ್ನೊಂದೆರಡು ವರ್ಷದಲ್ಲಿ ಅವನಪ್ಪ ಕಾರಿಗಾಗಿ ನನ್ನ ಬಾಗಿಲಿಗೆ ಬರಲೇಬೇಕು. ಬಂದಾಗ ಇಲ್ಲ ಅನ್ನಬೇಕು. ಆದರೆ ನಾನು ಇಲ್ಲವೆಂದರೆ ಅವನು ಬೇರೆ ಕಡೆ ಹೋಗುತ್ತಾನಲ್ಲ? ಹೋಗದಂತೆ ಮಾಡಬೇಕು.

ಇಂಥ ಯೋಚನೆ ಬೇರೆಯವರಿಗೆ ಬಂದಿದ್ದರೆ ಯೋಚನೆಯಾಗಿಯೇ ಉಳಿಯುತ್ತಿತ್ತು. ಬಿಡಿಭಾಗ ಮಾರುವವನಿಗೆ ಯಾರ ಮನೆಯಲ್ಲಿ ಯಾವ ಕಾರಿದೆ, ಅದು ಎಲ್ಲಿ ಕೆಮ್ಮುತ್ತದೆ ಎಂಬುದು ಬಾಯಿಪಾಠ. ಮದುವೆಗೆ ನಿಲ್ಲಿಸುವಂಥ ಹಳೆಯ ಕಾರು ಸುತ್ತಮುತ್ತ ಇನ್ನು ಮೂರೇ ಇದ್ದವು. ಇಂಡಿ ಊರಿನ ನಿಂಬೆ ವ್ಯಾಪಾರಿಯ ಕೆಂಪು ಪದ್ಮಿನಿ, ಮುದ್ದೇಬಿಹಾಳದ ಗುತ್ತಿಗೆದಾರರೊಬ್ಬರ ಮೇಲ್ಛಾವಣಿಯಿಲ್ಲದ ಜೀಪು, ಬಸವನ ಬಾಗೇವಾಡಿಯ ಡಾಕ್ಟರರ ಮನೆಯ ನೀಲಿ ಕಾಂಟೆಸ್ಸಾ. ಮೂರನ್ನೂ ನಾನೇ ಇಟ್ಟುಕೊಂಡರೆ ಮಸೂತಿಯ ಮದುಮಗ ನಡೆದೇ ಬರಬೇಕು.

ಇಂಡಿಯವನು ಸುಲಭಕ್ಕೆ ಬಗ್ಗಲಿಲ್ಲ. ಹಿಂದಿನ ಸೀಟಿನ ಮೇಲೆ ನಿಂಬೆಹಣ್ಣಿನ ಚೀಲ ಹೇರಿಕೊಂಡು ತಿರುಗುತ್ತಿದ್ದ, ಆದರೂ ಕೊಡುವುದಿಲ್ಲ ಎಂದ. ಅವನ ಕಾರ್ಬೊರೇಟರಿಗೆ ಬೇಕಾದ ಸಾಮಾನು ನನ್ನ ಅಂಗಡಿಯ ಕಪಾಟಿನಲ್ಲೇ ಇತ್ತು. ಪ್ರತಿ ಸಲ ಫೋನ್ ಮಾಡಿದಾಗಲೂ "ಸ್ಟಾಕ್ ಬಂದಿಲ್ರಿ, ಮುಂದಿನ ವಾರ ನೋಡೂಣು" ಅನ್ನುತ್ತ ಒಂದು ಮಳೆಗಾಲ ಕಳೆದೆ. ದಾರಿಯಲ್ಲಿ ನಿಂತು ನಿಂತು ಬೇಸತ್ತು ಅವನೇ ತಂದು, ನಾನು ಹೇಳಿದ ಬೆಲೆಗೆ ಬಿಟ್ಟು ಹೋದ. ನನಗೆ ಯಾವ ಪಶ್ಚಾತ್ತಾಪವೂ ಆಗಲಿಲ್ಲ. ಆ ಸಾಮಾನು ಹಾಕಿದ ಕೂಡಲೇ ಗಾಡಿ ಗುಂಯ್ ಎಂದಿತು. ನಿಂಬೆಯ ವಾಸನೆ ಮಾತ್ರ ಹೋಗಲಿಲ್ಲ.

ಮುದ್ದೇಬಿಹಾಳದ ಜೀಪಿನ ವಿಷಯದಲ್ಲಿ ಅಷ್ಟು ಧೈರ್ಯ ಇರಲಿಲ್ಲ. ಗುತ್ತಿಗೆದಾರರು ವಯಸ್ಸಾದ ಮುಸ್ಲಿಂ ಹಿರಿಯರು, ನನ್ನ ತಂದೆಯ ಕಾಲದ ಗಿರಾಕಿ. ಚಹಾ ಕುಡಿಸಿ, ಜೀಪಿನ ಬಾನೆಟ್ಟಿನ ಮೇಲೆ ಕೈ ಇಟ್ಟು ಕೇಳಿದರು.

"ಇದರಾಗ ನನ್ನ ನಾಕೂ ಮಕ್ಕಳ ಲಗ್ನದ ಮೆರವಣಿಗಿ ಹ್ವಾದಾವ. ನೀ ಯಾತಕ್ಕ ಒಯ್ಯಾಕತ್ತಿ, ಖರೇ ಹೇಳು."

"ಹೌಸಿಗೆ ರೀ, ಕಾಕಾ."

"ಬರೇ ಹೌಸಿಗೆ?"

"ಹೌದ್ರಿ."

ಅವರು ಚಾವಿ ಕೊಟ್ಟರು. ಜೀವನದಲ್ಲಿ ಅಂಗಡಿಯ ಗಲ್ಲೆಯ ಮೇಲೆ ಕುಳಿತು ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಆದರೆ ಆ ಸುಳ್ಳು ಮನೆ ಮುಟ್ಟುವವರೆಗೂ ನನ್ನ ಜೊತೆಗೇ ಬಂತು.

ಬಾಗೇವಾಡಿಯ ಡಾಕ್ಟರರ ಮನೆಯವರು ಮಾತ್ರ ಕೈ ಮುಗಿದು ಒಯ್ಯಿರಿ ಅಂದರು. ಕಾಂಟೆಸ್ಸಾದ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟು ಕಾವಿಗೆ ಕುಳಿತಿತ್ತು. ಅದು ಚಾಲೂ ಆಗುವ ಸ್ಥಿತಿಯಲ್ಲಿ ಇರಲಿಲ್ಲ, ಟ್ರಾಕ್ಟರಿನ ಟ್ರಾಲಿಗೆ ಏರಿಸಿದೆವು. ಅಲ್ಲಿಂದ ಸಿಂದಗಿಗೆ ನೆಟ್ಟಗೆ ದಾರಿಯಿದೆ. ನಾನು ಟ್ರಾಕ್ಟರಿನವನಿಗೆ ಮಸೂತಿಯ ಮೇಲೆ ಹಾಯ್ದು ಹೋಗೋಣ ಅಂದೆ. ಅವನು ನನ್ನ ಮುಖ ನೋಡಿದ. ಸುತ್ತು ಹಾಕಿಕೊಂಡು ಹೋಗಿ, ಹೆಂಡತಿಯ ಅಣ್ಣನ ಕಟ್ಟೆಯ ಮುಂದೆ ಆ ಕಾರನ್ನು ದೇವರಂತೆ ಮೆರೆಸಿಕೊಂಡು ಬಂದೆ. ಅವನು ಹೊರಗೆ ಇರಲಿಲ್ಲ. ಅವನ ಹೆಂಡತಿ ನೋಡಿದಳು, ಸಾಕಾಯಿತು.

ಆ ಸಂಜೆಯೇ ಸುದ್ದಿ ಫೋನಿನಲ್ಲಿ ನನ್ನ ಹೆಂಡತಿಯನ್ನು ಮುಟ್ಟಿತ್ತು. ಅಲ್ಲಿಯವರೆಗೆ ಅವಳು ಕಾರುಗಳನ್ನು ನನ್ನ ಹುಚ್ಚು ಎಂದೇ ಸಹಿಸಿಕೊಂಡಿದ್ದಳು. ನಮ್ಮ ಅಂಗಳದಲ್ಲಿ ಬೇಸಿಗೆ ಬಂದರೆ ಹೊರಸು, ಅಂದರೆ ಹಗ್ಗದ ಮಂಚ, ಹಾಕಿ ಶಾವಿಗೆ, ಹಪ್ಪಳ, ಸಂಡಿಗೆ ಒಣ ಹಾಕುವುದು ಅವಳ ದೊಡ್ಡ ಕೆಲಸ. ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ಪದ್ಮಿನಿ ಬಂದಾಗ ಹೊರಸುಗಳು ಗೋಡೆಗೆ ಸರಿದವು, ಜೀಪು ಬಂದಾಗ ಓಣಿಯ ಹೆಂಗಸರು ಬರುವುದು ನಿಂತಿತು, ಅವಳೊಬ್ಬಳೇ ಮಂಡಿನೋವು ಹೊತ್ತುಕೊಂಡು ಮಾಳಿಗೆ ಹತ್ತತೊಡಗಿದಳು. ಕಾಂಟೆಸ್ಸಾ ಬಂದ ದಿನ ಬಾಗಿಲಲ್ಲಿ ನಿಂತು ಕೇಳಿದಳು.

"ಇರಾಕ ಇಬ್ಬರ ಅದೇವಿ. ಎಷ್ಟ ಕಾರ್ ಬೇಕ್ರಿ ನಿಮಗ?"

"ನಾಕ. ನಾಕ ಆದ್ವು, ಮುಗೀತು."

"ನಮ್ಮ ಅಣ್ಣನ ಮಗನ ಲಗ್ನ ಆಗೂದ್ರಾಗ ಇನ್ನೂ ಎಷ್ಟ ತರ್ತೀರಿ?"

ನಾನು ಕಾಂಟೆಸ್ಸಾದ ಹಗ್ಗ ಬಿಚ್ಚತೊಡಗಿದೆ. ಅವಳೇ ಹೇಳಿದಳು: "ನಾ ಆ ಹುಡುಗನ ಸ್ವಾದರತ್ತಿ ರೀ. ಸುರಗಿ ಸುತ್ತಾಕ ನಾನ ಬೇಕು, ಆರತಿಗೆ ನಾನ ಬೇಕು. ಅವನ ಮುಂದ ನಿಮ್ಮ ಮಾರಿ ಹ್ಯಾಂಗ ಇರತೈತೋ ಗೊತ್ತಿಲ್ಲ, ನನ್ನ ಮಾರಿ ಎಲ್ಲಿ ಇಟ್ಕೋಬೇಕು ಅದನ್ನ ಹೇಳ್ರಿ."

ಸುರಗಿ ಅಂದರೆ ಮದುಮಗನ ಸುತ್ತ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ ನೀರೆರೆಯುವ ಶಾಸ್ತ್ರ. ಅದರಲ್ಲಿ ಸೋದರತ್ತೆಯ ಜಾಗಕ್ಕೆ ಬೇರೆ ಯಾರೂ ನಿಲ್ಲುವಂತಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಅವಳ ಅಣ್ಣ ಒಬ್ಬನೇ.

ಕೊನೆಗೆ ಅವನು ಲಗ್ನಪತ್ರಿಕೆ ಹಿಡಿದು ಮಗನ ಜೊತೆ ಬಂದ. ದೇವರ ಮುಂದೆ ಪತ್ರಿಕೆ ಇಟ್ಟು, ಕುಂಕುಮ ಹಚ್ಚಿ, "ನಾಕ ದಿನ ಮೊದಲ ಬರಬೇಕ್ರಿ ಅಳಿಯಂದ್ರ" ಅಂದ. ಮಗ ಅಷ್ಟರಲ್ಲಿ ಅಂಗಳದಲ್ಲಿದ್ದ. ಒಂದೊಂದು ಕಾರಿನ ಬಾಗಿಲು ತೆರೆದು, ಕುಳಿತು, ಇಳಿದು, ಮೈದಡವಿ ನೋಡಿ ಒಳಗೆ ಬಂದ. ಮುಖ ಅರಳಿತ್ತು.

"ಮಾಮಾ, ನಾಕರಾಗ ಯಾವ್ದ ಕೊಡ್ತಿ ನನಗ?"

ಈ ಪ್ರಶ್ನೆಗಾಗಿ ನಾನು ಎರಡು ವರ್ಷ ಕಾದಿದ್ದೆ. ಉತ್ತರವನ್ನು ಸ್ನಾನ ಮಾಡುವಾಗ, ಅಂಗಡಿಯ ಶಟರ್ ಎತ್ತುವಾಗ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದೆ. ಅವನಪ್ಪನ ಕಡೆ ನೋಡುತ್ತ ಹೇಳಿದೆ: "ಯಾವ್ದೂ ಇಲ್ಲಪಾ. ನಮ್ಮ ಕಾರ್ ಹೊಡ್ಯಾಕ ಡ್ರೈವರ್ ಇಲ್ಲ. ಮೊದಲ ಒಬ್ಬ ಇದ್ದ, ಮುದ್ದೇಬಿಹಾಳದಾಗ ಬಿಟ್ಟ ಹ್ವಾದ."

ಹುಡುಗನಿಗೆ ತಿಳಿಯಲಿಲ್ಲ. "ಹೋಗ್ಲಿ ಬಿಡು, ಇಂಡ್ಯಾಗ ಒಂದ ಕೆಂಪಂದ ಐತಿ, ಅದನ್ನ ಕೇಳ್ತೇನಿ" ಅಂದ. ನಾನು ಕಿಟಕಿಯ ಹೊರಗೆ ಕೈ ತೋರಿಸಿದೆ. ಇಂಡಿಯ ಕೆಂಪು ಪದ್ಮಿನಿ ಅಲ್ಲೇ ನಿಂತಿತ್ತು. ಅವನಪ್ಪನಿಗೆ ತಿಳಿಯಿತು. ಅಂಗಳದ ಕಡೆ ನೋಡಿದ, ಒಂದು, ಎರಡು, ಮೂರು, ನಾಲ್ಕು. ಮುಖ ಕಪ್ಪಿಟ್ಟಿತು. ಬಸಿಯಲ್ಲಿದ್ದ ಚಹಾವನ್ನು ಪೂರ್ತಿ ಕುಡಿದು, ತಂಗಿಗೆ "ಬರ್ತೇವಿ ಯವ್ವಾ" ಎಂದು ಎದ್ದ. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಎಂಟು ದಿನ ನಾನು ಅಂಗಡಿಯಲ್ಲಿ ಶಿಳ್ಳೆ ಹಾಕುತ್ತ ಕುಳಿತಿದ್ದೆ. ಊಟ ರುಚಿಯಾಗಿತ್ತು, ನಿದ್ದೆ ಗಾಢವಾಗಿತ್ತು.

ಮದುವೆಗೆ ಹೆಂಡತಿ ಎರಡು ದಿನ ಮೊದಲೇ ಹೊರಟಳು. ಮಸೂತಿಯ ಊರಬಾಗಿಲ ಅಗಸಿಯವರೆಗೆ ಬಿಟ್ಟು ಬರುತ್ತೇನೆ, ಒಳಗೆ ಬರುವುದಿಲ್ಲ ಅಂದೆ. ಅವಳು ಆಹೇರಿಯ ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡಳು.

"ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ ಐತಿ. ಆಧಾರ್ ಕಾರ್ಡ್ ತಗೊಂಡೇನಿ" ಎಂದಷ್ಟೇ ಹೇಳಿ ನಡೆದಳು. ನಾಲ್ಕು ಕಾರುಗಳ ನಡುವಿನ ಸಂದಿಯಲ್ಲಿ ಸೀರೆ ತಾಗದಂತೆ ಹಿಡಿದುಕೊಂಡು ಹೋದಳು.

ಮದುವೆಯ ದಿನ ನಾನು ಅಂಗಡಿ ತೆರೆದಿದ್ದೆ. ಫೋನಿನಲ್ಲಿ ಬಂಧುಗಳು ಹಾಕುತ್ತಿದ್ದ ವಿಡಿಯೋಗಳನ್ನು ಒಂದೂ ಬಿಡದೆ ನೋಡಿದೆ. ಕಾರಿಲ್ಲದೆ ಅಳುಮುಖ ಮಾಡಿಕೊಂಡು ಬರುವ ಮದುಮಗನನ್ನು ನೋಡಬೇಕಾಗಿತ್ತು ನನಗೆ. ಅವನು ತನ್ನ ಹೊಸ ಟ್ರಾಕ್ಟರಿಗೆ ಬಾಳೆಕಂಬ ಕಟ್ಟಿ, ಬಾಸಿಂಗ ಕಟ್ಟಿಕೊಂಡು, ಸ್ಟೇರಿಂಗನ್ನು ತಾನೇ ಹಿಡಿದು ಬಂದ. ಮಡ್ಗಾರ್ಡಿನ ಮೇಲೆ ಗೆಳೆಯರು, ಟ್ರಾಲಿಯಲ್ಲಿ ಹಾಡಿನ ಬಾಕ್ಸು, ಮುಂದೆ ಊರಿಗೆ ಊರೇ ಕುಣಿಯುತ್ತಿತ್ತು. ನನ್ನ ಅಂಬಾಸಿಡರಿನ ಮುಂದೆ ಯಾರೂ ಅಷ್ಟು ಕುಣಿದಿರಲಿಲ್ಲ. ಹಳೆಯ ಕಾರಿನ ಮಾತನ್ನು ಆ ಹುಡುಗ ನಮ್ಮ ಓಣಿ ದಾಟುವಷ್ಟರಲ್ಲೇ ಮರೆತಿರಬೇಕು. ಎರಡು ವರ್ಷದ ನನ್ನ ಉರಿ, ಮೂರು ಕಾರು, ಇಂಡಿಯ ಆ ಮಳೆಗಾಲ, ಎಲ್ಲವೂ ಟ್ರಾಕ್ಟರಿನ ಹೊಗೆಯಲ್ಲಿ ಹೋಯಿತು.

ಆಮೇಲೆ ಇನ್ನೊಂದು ವಿಡಿಯೋ ಬಂತು. ಅದು ಆಹೇರಿಯದು. ಸೋದರತ್ತೆಯನ್ನೂ ಅವಳ ಗಂಡನನ್ನೂ ಜೋಡಿ ಮಣೆಯ ಮೇಲೆ ಕೂಡಿಸಿ ಬಟ್ಟೆ ಕೊಡುವುದು ಪದ್ಧತಿ. ಮೈಕಿನಲ್ಲಿ ಮೊಟ್ಟಮೊದಲು ನನ್ನ ಹೆಸರನ್ನೇ ಕೂಗಿದರು. ಹೆಂಡತಿ ಬಂದು ಒಂದು ಮಣೆಯ ಮೇಲೆ ಕುಳಿತಳು. ಪಕ್ಕದ ಮಣೆ ಖಾಲಿ. ಅವಳ ಅಣ್ಣ ಅವಳಿಗೆ ಸೀರೆ ಕೊಟ್ಟು ಉಡಿ ತುಂಬಿ, ಜರಿಯಂಚಿನ ಧೋತರವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತ. ಯಾರ ಕೈಯಲ್ಲಿ ಕೊಡಬೇಕು ಎಂದು ತಿಳಿಯದೆ ಅದನ್ನು ಖಾಲಿ ಮಣೆಯ ಮೇಲೆ ಇಟ್ಟು, ಬಾಗಿ ನಮಸ್ಕಾರ ಮಾಡಿದ. ವಿಡಿಯೋ ತೆಗೆಯುತ್ತಿದ್ದವರು ಯಾರೋ ಪಕ್ಕದಲ್ಲಿ ಮಾತಾಡಿದ್ದು ಕೇಳಿಸಿತು: "ಪಾಪ, ಮನ್ಯಾಗ ನಾಕ ಕಾರ್ ಅದಾವಂತ, ಬಸ್ಸಿಗೆ ಬಂದಾಳ." ಹೆಂಡತಿ ಆ ಮಾತು ಕೇಳಿಸಿಕೊಂಡಳು. ತಲೆ ತಗ್ಗಿಸಲಿಲ್ಲ, ಎದುರಿಗೆ ನೋಡುತ್ತ ಕುಳಿತಳು. ಗಂಡ ಸತ್ತವರ ಪಕ್ಕದಲ್ಲೂ ಅಂಥ ಖಾಲಿ ಮಣೆ ಇಡುವುದಿಲ್ಲ. ನಾನು ಅಂಗಡಿಯಲ್ಲಿ ಬದುಕಿ ಕುಳಿತು ಅದನ್ನು ಮೂರು ಸಲ ನೋಡಿದೆ.

ಅವಳು ಬಸ್ಸಿಗೇ ಮರಳಿ ಬಂದಳು. ಧೋತರವನ್ನು ನನ್ನ ಮುಂದೆ ಇಟ್ಟು ಅಡುಗೆಮನೆಗೆ ಹೋದಳು. ಜಗಳ ಆಡುತ್ತಾಳೆ ಎಂದು ಕಾದೆ. ಜಗಳ ಆಡಿದ್ದರೆ ನನ್ನ ಬಳಿಯೂ ಮಾತಿದ್ದವು. ಅವಳು ಆಡಲಿಲ್ಲ. ರೊಟ್ಟಿ ಬಿಸಿಯಾಗಿಯೇ ಬೀಳುತ್ತಿತ್ತು, ಚಹಾ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಕಾರು ಮಾತ್ರ ಹತ್ತಲಿಲ್ಲ. ದವಾಖಾನೆಗೆ ಆಟೋ, ಸಂತೆಗೆ ನಡಿಗೆ, ಊರಿಗೆ ಬಸ್ಸು. ಸೇಡಿನ ವಿಷಯ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಅವಳ ಮುಂದೆ ನಾನು ಅಕ್ಷರ ತಿದ್ದುವವನು.

ಒಂದು ದಿನ ಸೋತು ಕೇಳಿದೆ. "ಯಾವ ಕಾರ್ ಇಟ್ಕೊಳ್ಲಿ, ಯಾವ್ದ ಕೊಡ್ಲಿ? ನೀ ಹೇಳು."

"ನಾಕೂ ಇಟ್ಕೋರಿ. ಅವು ನನಗೇನ್ ಮಾಡ್ಯಾವ?"

ಕೊಟ್ಟ ಹಣದ ಮಾತೆತ್ತದೆ ಮೂರನ್ನೂ ತಂದಲ್ಲಿಗೇ ಮುಟ್ಟಿಸಿದೆ. ಇಂಡಿಯವನು ಪದ್ಮಿನಿಯನ್ನು ಚಾಲೂ ಮಾಡಿ ನೋಡಿ, "ಆ ಸಾಮಾನು ಎಲ್ಲಿ ಸಿಕ್ತ್ರಿ?" ಅಂದ. ವಿಜಯಪುರದಲ್ಲಿ ಅಂದೆ. ಮುದ್ದೇಬಿಹಾಳದ ಹಿರಿಯರು "ಹೌಸಿ ಇಷ್ಟ ಜಲ್ದಿ ತೀರ್ತೇನ್?" ಎಂದು ನಕ್ಕರು, ಅವರಿಗೆ ನಿಜ ಹೇಳಿದೆ, ನಗು ನಿಲ್ಲಿಸಿದರು. ಕಾಂಟೆಸ್ಸಾವನ್ನು ಡಾಕ್ಟರರ ಮನೆಯವರು ಬೇಡವೆಂದರೂ ಅವರ ಅಂಗಳದಲ್ಲೇ ಇಳಿಸಿ ಬಂದೆ. ಬರುವಾಗ ಮಸೂತಿಯ ದಾರಿ ಹಿಡಿಯಲಿಲ್ಲ. ಹೆಂಡತಿಯ ಅಣ್ಣನ ಮನೆಗೆ ಹೋಗಿ ಏನಾದರೂ ಹೇಳಬೇಕಿತ್ತು. ಧೋತರ ಕೊಟ್ಟವನು ಅವನು, ಉಡಬೇಕಾದವನು ನಾನು. ಅಷ್ಟು ದೊಡ್ಡತನ ನನ್ನಲ್ಲಿಲ್ಲ, ಇದೆ ಎಂದು ಬರೆದರೆ ಸುಳ್ಳಾಗುತ್ತದೆ.

ಅಂಗಳ ತೆರವಾಯಿತು. ಹೊರಸುಗಳನ್ನು ನಾನೇ ನಡುವಿಗೆ ಎಳೆದು ಹಾಕಿದೆ. ಆ ಬೇಸಿಗೆಯಲ್ಲೂ ಅವಳು ಶಾವಿಗೆಯನ್ನು ಮಾಳಿಗೆಯ ಮೇಲೆಯೇ ಹಾಕಿದಳು.

ಈ ಸಲದ ನಾಗರ ಪಂಚಮಿಗೆ ಅವಳು ತವರಿಗೆ ಹೋಗಿದ್ದಳು. ಮರಳುವ ದಿನ ನಾನು ಅಂಬಾಸಿಡರ್ ತೊಳೆದು, ಬಾಗೇವಾಡಿಯ ಬಸ್ ನಿಲ್ದಾಣದ ಎದುರು ಹೋಗಿ ನಿಂತೆ. ಅವಳು ಚೀಲ ಹೊತ್ತು ಬಂದಳು, ಕಾರನ್ನೂ ನನ್ನನ್ನೂ ನೋಡಿದಳು, ಸಿಂದಗಿಯ ಬಸ್ಸು ಹತ್ತಿದಳು. ಬೇರೆ ದಾರಿ ಕಾಣದೆ ನಾನು ಬಸ್ಸಿನ ಬೆನ್ನು ಹತ್ತಿದೆ. ಅದು ನಿಂತಲ್ಲಿ ನಿಂತು, ಹೊರಟಾಗ ಹೊರಟೆ. ಕೊನೆಯ ಸೀಟಿನ ಹುಡುಗಿಯರು ನನ್ನನ್ನು ನೋಡಿ ನಗುತ್ತಿದ್ದರು. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.

ದೇವರ ಹಿಪ್ಪರಗಿಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಅವಳು ಇಳಿದಳು. ನೇರವಾಗಿ ನನ್ನ ಕಡೆಗೇ ಬಂದಳು. ನಾನು ಒಳಗಿನಿಂದ ಬಾಗಿ ಎಡಗಡೆಯ ಬಾಗಿಲು ತೆರೆದೆ. ಅವಳು ಕಂಕುಳಿನ ಚೀಲವನ್ನು ಮುಂದಿನ ಸೀಟಿನ ಮೇಲೆ ಇಟ್ಟಳು.

"ಪಂಚಮಿ ಉಂಡಿ ಅದಾವ. ಭಾಳ ಭಾರ ಆಗೇತಿ. ಮನಿಗೆ ಒಯ್ರಿ."

"ಮತ್ತ ನೀ?"

"ನಂದ ಬಸ್ ಐತಲ್ರಿ."

ಆ ಬಾಗಿಲನ್ನು ಸ್ವಲ್ಪ ಮೇಲೆತ್ತಿ ಹಾಕಿದರೆ ಮಾತ್ರ ಕೂಡುತ್ತದೆ. ಅವಳು ಅದನ್ನು ಮರೆತಿರಲಿಲ್ಲ, ಎತ್ತಿಯೇ ಹಾಕಿದಳು. ಕಂಡಕ್ಟರ್ ಸೀಟಿ ಊದಿದ. ನಾನು ಉಂಡೆಯ ಚೀಲವನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಬಸ್ಸಿನ ಹಿಂದೆ ಸಿಂದಗಿಯವರೆಗೆ ಬಂದೆ.